ಜವಳಿ ಪೇಟೆಯವರು ಕಟ್ಟಿಸಿದ ಮನೆ

"ಬುದ್ಧಿ, ಕೊಟ್ಟದ್ದು ಸರಿಯಾದವರಿಗೆ ಸಲ್ಲುತ್ತಿದೆಯೇ ಎಂದು ತಿಳಿಯಬೇಕಾದರೆ ಏನನ್ನು ನೋಡಬೇಕು?"

ಹೀಗೆ ಗುರುಗಳನ್ನು ಕೇಳಿದವಳು ಚಾರುಮತಿ. ಅವಳು ಕೆಲಸ ಮಾಡುವ ಕಂಪನಿ ತನ್ನ ಲಾಭದಲ್ಲಿ ಒಂದು ಪಾಲನ್ನು, ಮನೆ ಬಿಟ್ಟು ಬಂದ ದಿಕ್ಕಿಲ್ಲದ ಹೆಂಗಸರಿಗಾಗಿ ತೆಗೆದಿಡುತ್ತಿತ್ತು. ಆ ನಿಧಿಯನ್ನು ನೋಡಿಕೊಳ್ಳಲು ಒಂದು ಸಮಿತಿ ಇತ್ತು. ಈ ವರ್ಷ ಅವಳನ್ನೂ ಅದಕ್ಕೆ ಸೇರಿಸಿದ್ದರು. ನೆರವು ಪಡೆಯುವ ಪ್ರತಿಯೊಬ್ಬಳೂ ಕ್ಯಾಮೆರಾದ ಮುಂದೆ ಕೂತು ತನ್ನ ಕತೆ ಹೇಳಬೇಕು ಎಂದು ಸಮಿತಿ ನಿಯಮ ಮಾಡಿತ್ತು. ಎಲ್ಲರೂ ಹೇಳಿದರು. ಒಬ್ಬಳು ಮಾತ್ರ ಒಪ್ಪಲಿಲ್ಲ. ಅವಳಿಗೆ ಕೊಟ್ಟಿದ್ದ ಕೋಣೆ ಮತ್ತು ಊಟ ಮುಂದುವರಿಯಬೇಕೋ ನಿಲ್ಲಬೇಕೋ ಎಂಬುದನ್ನು ಈಗ ಚಾರುಮತಿ ತಿಳಿಸಬೇಕಿತ್ತು.

"ನಾವು ಕೆಟ್ಟ ಮನಸ್ಸಿನಿಂದ ಕೇಳ್ತಿಲ್ಲ ಬುದ್ಧಿ," ಎಂದಳು. "ಯಾರೂ ಮೋಸ ಮಾಡಬಾರದು ಅಂತ, ಅಷ್ಟೆ. ಮುಚ್ಚಿಡೋದು ಏನೂ ಇಲ್ಲ ಅಂದಮೇಲೆ ಹೇಳೋಕೆ ಏನು ಕಷ್ಟ ಅಂತ ನನಗೆ ಅರ್ಥವಾಗ್ತಿಲ್ಲ."

ಗುರುಗಳು ತಲೆಯಾಡಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ದೊಡ್ಡ ಜವಳಿ ಪೇಟೆ ಇತ್ತು. ಆ ಪೇಟೆಗೆ ಒಂದು ಕಟ್ಟುಪಾಡು. ಮಡಿಸಿಟ್ಟ ಬಟ್ಟೆಯನ್ನು ಅಲ್ಲಿ ಯಾರೂ ಮಾರುವಂತಿಲ್ಲ. ಪ್ರತಿ ಥಾನನ್ನೂ ಅಂಗಡಿಯ ಜಗುಲಿಗೆ ತಂದು, ಕೊನೆಯ ಮಡಿಕೆಯವರೆಗೆ ಬಿಡಿಸಿ, ಬಿಸಿಲಿಗೆ ಹಿಡಿದು ತೋರಿಸಬೇಕು. ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ನಿಂತು ನೋಡಬಹುದು. ತೂತನ್ನೋ ಎಳೆ ತಪ್ಪಿದ್ದನ್ನೋ ಕಂಡುಹಿಡಿದವನಿಗೆ ಅಂಗಡಿಯವನೇ ಎಲೆ ಅಡಿಕೆ ಕೊಡಬೇಕು. ಹೀಗಾಗಿ ಆ ಪೇಟೆಯಲ್ಲಿ ಮೋಸ ಹೋದೆ ಎಂದವರು ಇರಲಿಲ್ಲ. ದೂರದೂರದವರು ಅಲ್ಲಿಗೇ ಬಂದು ಕೊಳ್ಳುತ್ತಿದ್ದರು.

ಪೇಟೆಯ ವರ್ತಕರು ಒಟ್ಟಾಗಿ, ದಿಕ್ಕಿಲ್ಲದ ಹೆಂಗಸರಿಗೆ ಒಂದು ಮನೆ ಕಟ್ಟಿಸಿದರು. ಅದನ್ನು ನೋಡಿಕೊಳ್ಳಲು ತಮ್ಮಲ್ಲೇ ಒಬ್ಬ ವರ್ತಕನನ್ನು ನೇಮಿಸಿದರು. ಅವನು ಒಳ್ಳೆಯವನು. ಕೆಲಸದಲ್ಲಿ ಕಟ್ಟುನಿಟ್ಟು. ತನಗೆ ಗೊತ್ತಿದ್ದ ರೀತಿಯಲ್ಲೇ ಅವನು ಆ ಕೆಲಸವನ್ನೂ ಶುರುಮಾಡಿದ.

ಆಸರೆ ಕೇಳಿ ಬಂದವಳು ಆ ಮನೆಯ ಜಗುಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂರಬೇಕು. ಏನಾಯಿತು, ಯಾಕೆ ಬಂದೆ, ಎಲ್ಲವನ್ನೂ ಹೇಳಬೇಕು. ಕತೆ ನೆಟ್ಟಗಿದ್ದರೆ ಬಾಗಿಲು ತೆರೆಯುತ್ತದೆ. ದಾರಿಯಲ್ಲಿ ಹೋಗುವವರು ಹಳೆಯ ಅಭ್ಯಾಸದಿಂದ ಅಲ್ಲೂ ನಿಂತರು. ಒಬ್ಬ ಮುದುಕನಂತೂ ದಿನವೂ ಬರುತ್ತಿದ್ದ.

"ಮೊದಲು ಗಂಡ ಊರಲ್ಲೇ ಇರಲಿಲ್ಲ ಅಂದೆ. ಈಗ ನೋಡಿದರೆ ಹೊಡೆದ ಅಂತೀಯ. ಎಲ್ಲೋ ಎಳೆ ತಪ್ಪಿದೆಯಲ್ಲಮ್ಮ!" ಎನ್ನುತ್ತಿದ್ದ. ಎಂದವನೇ ವರ್ತಕನ ಕಡೆ ತಿರುಗಿ, "ಎಲ್ಲಿ, ನನ್ನ ಎಲೆ ಅಡಿಕೆ?" ಎಂದು ಕೈ ನೀಡುತ್ತಿದ್ದ. ವರ್ತಕ ಕೊಡುತ್ತಿದ್ದ.

ಒಂದು ಸಲ, ಹಾಗೆ ಕತೆ ಹೇಳಿ ಒಳಗೆ ಹೋದವಳೊಬ್ಬಳನ್ನು ವಾರ ಕಳೆಯುವುದರೊಳಗೆ ಗಂಡನ ಕಡೆಯವರು ಬಂದು ಕರೆದುಕೊಂಡು ಹೋದರು. ಗಂಡ ಹೆಂಡತಿ ಒಂದಾದರು ಎಂದು ಪೇಟೆಯವರು ಸಂತೋಷಪಟ್ಟರು. ಅವಳು ಅಲ್ಲಿರುವುದು ಅವರಿಗೆ ಹೇಗೆ ತಿಳಿಯಿತು ಎಂದು ಯಾರೂ ಕೇಳಲಿಲ್ಲ. ವರ್ತಕನೂ ಕೇಳಲಿಲ್ಲ.

ಹೀಗಿರುವಾಗ ಒಂದು ದಿನ, ಸಣ್ಣ ಹೆಣ್ಣುಮಗುವನ್ನು ಎತ್ತಿಕೊಂಡು ಒಬ್ಬ ಹೆಂಗಸು ಬಂದಳು. ಜಗುಲಿಯ ತುದಿಯಲ್ಲಿ ಕೂತಳು. ಹೆಸರು ಹೇಳಿದಳು. ಯಾಕೆ ಬಂದೆ ಎಂದು ಕೇಳಿದಾಗ ಬೀದಿಯ ಕಡೆ ನೋಡಿದಳು. ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ಒಳಗೆ ಬಂದು ಹೇಳ್ತೀನಿ ಅಣ್ಣ," ಎಂದು ಪಿಸುಗುಟ್ಟಿದಳು.

"ಇಲ್ಲೇ ಹೇಳಮ್ಮ. ಎಲ್ಲರೂ ಇಲ್ಲೇ ಹೇಳಿರೋದು."

ಅವಳು ಬಾಯಿ ತೆರೆಯಲಿಲ್ಲ. ನಿಂತಿದ್ದವರಲ್ಲಿ ಒಬ್ಬ, "ನಾಚಿಕೆಯಂತೆ! ಮನೆ ಬಿಟ್ಟು ಬರೋವಾಗ ಎಲ್ಲಿ ಹೋಗಿತ್ತೋ ಈ ನಾಚಿಕೆ," ಎಂದ. ನಾಲ್ಕು ಜನ ನಕ್ಕರು. ಅವಳು ಮಗುವನ್ನು ಎತ್ತಿಕೊಂಡು, ಗೋಡೆಯ ಪಕ್ಕಕ್ಕೇ ನಡೆದು, ಹೊರಟುಹೋದಳು.

ಮುಚ್ಚಿಡುವಂಥದ್ದು ಏನೋ ಇದೆ ಎಂದುಕೊಂಡ ವರ್ತಕ. ಅಲ್ಲಿಗೆ ಅದನ್ನು ಬಿಟ್ಟುಬಿಡಬಹುದಿತ್ತು. ಆದರೆ ಮನಸ್ಸು ಬಿಡಲಿಲ್ಲ. ಅಂಗಡಿಯಲ್ಲಿ ಕೂತಾಗಲೂ ಊಟಕ್ಕೆ ಕೂತಾಗಲೂ ಅದೇ ಯೋಚನೆ. ತಲೆಯ ಮೇಲೆ ಒಂದು ಸೂರು ಸಿಗುವಾಗ ಅದನ್ನೂ ಬೇಡವೆನ್ನಬೇಕಾದರೆ ಒಳಗೆ ಎಂಥದ್ದಿರಬೇಕು?

ಎರಡು ದಿನ ಕಳೆದ ಮೇಲೆ ಅವನು ಅವಳನ್ನು ಹುಡುಕುತ್ತ ಬಣ್ಣಗಾರರ ಕೇರಿಗೆ ಹೋದ. ಅಲ್ಲಿ ಬಣ್ಣ ಹಾಕಿದ ಸೀರೆಗಳನ್ನು ಸಾಲಾಗಿ ಒಣಹಾಕಿದ್ದರು. ಆ ಸಾಲುಗಳ ನಡುವೆ, ಬೀದಿಗೆ ಕಾಣದ ಹಾಗೆ, ಅವಳು ಮಗುವಿನ ಜೊತೆ ಕೂತಿದ್ದಳು. ಬಣ್ಣಗಾರರ ಹೆಂಗಸರು ಕೊಟ್ಟ ಗಂಜಿಯನ್ನು ಮಗುವಿಗೆ ಕುಡಿಸುತ್ತಿದ್ದಳು.

ವರ್ತಕ ಹತ್ತಿರ ಹೋಗಿ ಕೇಳಿದ. "ಅಂಥದ್ದು ಏನಮ್ಮ ಮುಚ್ಚಿಟ್ಟೆ ಅವತ್ತು?"

"ಏನೂ ಮುಚ್ಚಿಡಲಿಲ್ಲ ಅಣ್ಣ," ಎಂದಳು ಅವಳು. "ಎದುರಿನ ಅಂಗಡಿಗೆ ಒಬ್ಬ ಮೆಣಸಿನಕಾಯಿ ಮೂಟೆ ಇಳಿಸ್ತಿದ್ದನಲ್ಲ, ಅವನು ನನ್ನ ಗಂಡನ ಊರಿನ ಗಾಡಿಯವನು. ತಲೆ ಬಗ್ಗಿಸಿಕೊಂಡಿದ್ದ. ನನ್ನ ಧ್ವನಿ ಕೇಳಿದ್ದರೆ ತಲೆ ಎತ್ತುತ್ತಿದ್ದ. ಸಂಜೆಗೆ ಗಾಡಿ ಊರು ಸೇರ್ತಿತ್ತು. ಬೆಳಗಾಗೋದರೊಳಗೆ ಈ ಮಗು ನನ್ನ ಕೈಯಲ್ಲಿ ಇರ್ತಿರಲಿಲ್ಲ."

"ಅಯ್ಯೋ, ಅಷ್ಟನ್ನು ನನಗೆ ಹೇಳಬಹುದಿತ್ತಲ್ಲ!"

"ಎಲ್ಲಿ ಹೇಳಲಿ? ಅದನ್ನೂ ಅಲ್ಲೇ ಹೇಳಬೇಕಿತ್ತಲ್ಲ ಅಣ್ಣ."

ಹಿಂದೆ ಗಂಡನ ಕಡೆಯವರು ಬಂದು ಕರೆದುಕೊಂಡು ಹೋದ ಹೆಂಗಸು ವರ್ತಕನಿಗೆ ನೆನಪಾದಳು. ಅವಳು ಹೋಗುವಾಗ ಯಾರ ಮುಖವನ್ನೂ ನೋಡಿರಲಿಲ್ಲ.

"ಬಾ, ಹಿತ್ತಲ ಕಡೆಯಿಂದ ಕರೆದುಕೊಂಡು ಹೋಗ್ತೀನಿ," ಎಂದ.

ಅವಳು ಏಳಲಿಲ್ಲ. "ಆ ಮನೆ ಬಾಗಿಲಿಗೆ ಒಳಗಡೆ ಅಗುಳಿ ಇದೆಯಾ?" ಎಂದು ಕೇಳಿದಳು.

ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಆ ಮನೆಯನ್ನು ನೋಡಿಕೊಂಡಿದ್ದ. ಹೊಸಿಲು ದಾಟಿರಲಿಲ್ಲ. ಅವನ ಕೆಲಸವೆಲ್ಲ ಜಗುಲಿಯ ಮೇಲೇ ಮುಗಿಯುತ್ತಿತ್ತು.

"ನೋಡಿ ಬಂದು ಹೇಳ್ತೀನಿ," ಎಂದು ಹೊರಟ.

ಹಿತ್ತಲಿನಿಂದ ಒಳಗೆ ಬಂದವನನ್ನು ಕಂಡು ಅಡುಗೆಯ ಅಜ್ಜಿ ಸೌಟು ಹಿಡಿದುಕೊಂಡೇ ನಿಂತಳು. "ಏನು ಯಜಮಾನ್ರೇ, ದಾರಿ ತಪ್ಪಿ ಬಂದ್ರಾ?" ಎಂದಳು. ಒಳಗಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ವರ್ತಕ ಬಾಗಿಲುಗಳನ್ನು ನೋಡಿದ. ಮುಂಬಾಗಿಲಿಗೆ ಹೊರಗಡೆ ದೊಡ್ಡ ಬೀಗದ ಚಿಲಕವಿತ್ತು. ಒಳಗಡೆ ಏನೂ ಇರಲಿಲ್ಲ. ಹಿತ್ತಲ ಬಾಗಿಲೂ ಹಾಗೇ. ಆ ಮನೆ ಕಟ್ಟಿದವರು ಪೇಟೆಯ ಉಗ್ರಾಣಗಳನ್ನು ಕಟ್ಟಿ ರೂಢಿಯಿದ್ದವರು. ಉಗ್ರಾಣಕ್ಕೆ ಒಳಗಿನಿಂದ ಅಗುಳಿ ಹಾಕುವವರು ಯಾರಿರುತ್ತಾರೆ? ಕತ್ತಲಾದರೆ ಹೆಂಗಸರು ಬೀಸುವ ಕಲ್ಲನ್ನು ತಳ್ಳಿಕೊಂಡು ಹೋಗಿ ಬಾಗಿಲಿಗೆ ಒತ್ತಿ ಇಡುತ್ತಿದ್ದರು. ನೆಲದಲ್ಲಿ ಕಲ್ಲು ಎಳೆದ ಗೀರು ಆಳವಾಗಿ ಬಿದ್ದಿತ್ತು.

"ಯಾಕೆ ಯಾರೂ ನನಗೆ ಹೇಳಲಿಲ್ಲ?" ಎಂದ.

"ನೀವು ಅದನ್ನು ಕೇಳಲಿಲ್ಲವಲ್ಲ," ಎಂದಳು ಅಜ್ಜಿ. "ನೀವು ಕೇಳಿದ್ದಕ್ಕೆಲ್ಲ ನಾವು ಹೇಳಿದ್ದೇವಪ್ಪ."

ಅವತ್ತೇ ಕಮ್ಮಾರನನ್ನು ಕರೆಸಿ ಎರಡು ಬಾಗಿಲಿಗೂ ಒಳಗಡೆ ಅಗುಳಿ ಹಾಕಿಸಿದ. ಆಮೇಲೆ ಆ ಹೆಂಗಸನ್ನೂ ಮಗುವನ್ನೂ ಕರೆತಂದ. ಅವಳು ಮೊದಲು ಅಗುಳಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಬಳಿಕ ಅಡುಗೆಮನೆಯಲ್ಲಿ, ಅಜ್ಜಿಯ ಪಕ್ಕದಲ್ಲಿ ಕೂತು, ಹೇಳಬೇಕಾದ್ದನ್ನು ಹೇಳಿದಳು. ವರ್ತಕ ಕೇಳಿದ. ಅಜ್ಜಿಯೂ ಕೇಳಿದಳು.

ಸುದ್ದಿ ಪೇಟೆಗೆ ತಲುಪಿತು. ವರ್ತಕರ ಸಭೆ ಸೇರಿತು. ಎಲ್ಲರಿಗಿಂತ ಹಿರಿಯ ವರ್ತಕ ಮೀಸೆಯಲ್ಲೇ ನಗುತ್ತ ಕೇಳಿದ. "ಏನಯ್ಯಾ, ಹಿತ್ತಲ ಬಾಗಿಲಿನ ವ್ಯಾಪಾರ ಶುರುಮಾಡಿದ್ದೀಯಂತೆ?"

ಸಭೆಯೆಲ್ಲ ನಕ್ಕಿತು. ವರ್ತಕನ ಮುಖ ಕೆಂಪಾಯಿತು. ಅವನಿಗೆ ಮದುವೆಗೆ ಬಂದ ಮಗಳಿದ್ದಳು. ಅವನ ಹೆಸರು ಕೆಟ್ಟರೆ ಅವಳಿಗೂ ತಟ್ಟುವಂತಿತ್ತು. ಆ ಹೆಂಗಸಿನ ಕತೆ ಇಷ್ಟು ಎಂದು ಹೇಳಿಬಿಟ್ಟಿದ್ದರೆ ನಗು ಅಲ್ಲಿಗೇ ನಿಲ್ಲುತ್ತಿತ್ತು.

"ಯಾರವಳು? ಅವಳದ್ದೇನು ಸಂಗತಿ? ಬಿಡಿಸಿ ಹೇಳು," ಎಂದ ಹಿರಿಯ.

"ನಾನು ಕೇಳಿದ್ದೇನೆ. ಅಜ್ಜಿಯೂ ಕೇಳಿದ್ದಾಳೆ. ಇಲ್ಲಿ ಹೇಳುವುದಿಲ್ಲ."

"ಹಾಗಾದರೆ ನಾವು ಕೊಟ್ಟದ್ದು ನೆಟ್ಟಗಿದೆ ಅಂತ ನಮಗೆ ತಿಳಿಯೋದು ಹೇಗೆ?"

"ನನ್ನನ್ನು ಕೇಳಿ," ಎಂದ ವರ್ತಕ. "ಅಕ್ಕಿ ಎಂಥದ್ದು ಹಾಕ್ತಿದ್ದೀಯ ಅಂತ ಕೇಳಿ. ಬಾಗಿಲು ಭದ್ರವಾಗಿದೆಯಾ ಅಂತ ಕೇಳಿ. ಅಲ್ಲಿಂದ ಹೋದವರು ಎಲ್ಲಿಗೆ ಹೋದರು, ಈಗ ಹೇಗಿದ್ದಾರೆ ಅಂತ ಕೇಳಿ. ಇಷ್ಟು ವರ್ಷ ನೀವು ಕೇಳಲಿಲ್ಲ. ಕೇಳಿದ್ದರೂ ಹೇಳೋಕೆ ನನಗೇ ಗೊತ್ತಿರಲಿಲ್ಲ."

ಸಭೆಯಲ್ಲಿ ಅಂದು ಒಮ್ಮತ ಬರಲಿಲ್ಲ. ಕೆಲವರು ಎದ್ದು ಹೋದರು. ಹೋಗುವಾಗಲೂ ನಗುತ್ತಲೇ ಹೋದರು. ಇಬ್ಬರು ಮಾತ್ರ ಅವನ ಜೊತೆ ಆ ಮನೆಗೆ ಊಟಕ್ಕೆ ಬಂದರು. ಮೊದಲ ತುತ್ತಿಗೇ ಒಬ್ಬನ ಹಲ್ಲಿಗೆ ಕಲ್ಲು ಸಿಕ್ಕಿತು. ಮರುದಿನದಿಂದ ಅಕ್ಕಿ ಬದಲಾಯಿತು. ಜಗುಲಿಯ ಮೇಲೆ ಕೂರಿಸುವುದು ನಿಂತುಹೋಯಿತು. ಮುದುಕ ಸ್ವಲ್ಪ ದಿನ ಬಂದು ನೋಡಿ, ಬೇರೆ ಬೀದಿಗೆ ಹೋದ.

ಗಾಡಿಯವನು ಆಮೇಲೂ ಎದುರಿನ ಅಂಗಡಿಗೆ ಮೂಟೆ ಇಳಿಸುತ್ತಿದ್ದ. ಆ ಮನೆಯೊಳಗಿನಿಂದ ಒಂದು ಮಗುವಿನ ನಗು ಅವನಿಗೂ ಕೇಳಿಸುತ್ತಿತ್ತು. ಯಾರ ಮಗು ಎಂದು ಅವನಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚಾರುಮತಿ ಕೂತಲ್ಲಿಂದಲೇ ಸ್ವಲ್ಪ ಮುಂದಕ್ಕೆ ಸರಿದಳು. "ಬುದ್ಧಿ, ಒಂದು ಮಾತು," ಎಂದಳು. "ಅಡುಗೆಮನೆಯಲ್ಲಿ ಕೂತು ಅವಳು ಏನು ಹೇಳಿದಳು? ಆ ಗಂಡನ ಮನೆಯಲ್ಲಿ ಅವಳಿಗೆ ಏನಾಗಿತ್ತು?"

"ಅದು ನಿನಗೆ ತಿಳಿದರೆ ಅವಳಿಗೆ ಏನು ಸಿಗುತ್ತದೆ, ತಾಯಿ?" ಎಂದರು ಗುರುಗಳು.