ಚೆನ್ನಾಜಿ ಇಟ್ಟ ಒಂದು ಚುಕ್ಕಿ

ಏನಂದ್ಲು ಆ ಎದುರುಮನೆ ಸುಗುಣ? ಇನ್ನೊಂದು ಸಲ ಹೇಳು. ನಿಮ್ಮಮ್ಮಂಗೆ ಸೋಮಾರಿತನ, ಮೂರು ಹೊತ್ತೂ ಮಲಗಿರ್ತಾಳೆ, ಅವಳಿಗೇನು ಕಮ್ಮಿ ಆಗಿದೆ ಅಂದ್ಲಾ? ನಿನ್ನ ಹತ್ರ? ಏಳು ವರ್ಷದ ಮಗು ಹತ್ರ? ಇರಲಿ. ಬಾ, ಈ ಕಡೆ ತಿರುಗಿ ಮಲಕ್ಕೋ, ಕಾಲು ನನ್ನ ಮೇಲೆ ಹಾಕ್ಕೋ. ನಂಗೆ ಸಿಟ್ಟು ಬಂದಾಗಲೇ ಕತೆ ಚೆನ್ನಾಗಿ ಬರೋದು.

ಒಂದಾನೊಂದು ಕಾಲದಲ್ಲಿ, ಸುಗುಣನಂಥವರು ಆಗಲೂ ಬೀದಿಗೊಬ್ಬರು ಇದ್ದ ಕಾಲದಲ್ಲಿ, ಹೊನ್ನಾಲೆ ಅಂತ ಒಂದೂರಿತ್ತಂತೆ. ಆ ಊರಲ್ಲಿ ಎಣ್ಣೆ ಗಾಣದ ಮನೆ ಒಂದಿತ್ತಂತೆ. ಮನೆ ಯಜಮಾನಿ ದೊಡ್ಡತಾಯಮ್ಮ. ಅವಳಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೇರು. ಕಿರೀ ಮಗ ಚಿಕ್ಕಣ್ಣ, ಅವನ ಹೆಂಡತಿ ಚೆನ್ನಾಜಿ. ಈ ಚೆನ್ನಾಜಿ ದಿನಾ ಬೆಳಗಾಗ ಅಂಗಳ ಗುಡಿಸಿ, ನೀರು ಹಾಕಿ, ಹದಿನೈದು ಚುಕ್ಕಿ ಇಟ್ಟು ರಂಗೋಲಿ ಎಳೆದ್ಲು ಅಂದ್ರೆ, ಹಾಲು ಮಾರೋನು ತನ್ನ ಹಸೂನ ಆಚೆ ಬದಿಗೆ ಹೊಡ್ಕೊಂಡು ಹೋಗ್ತಿದ್ನಂತೆ, ಎಲ್ಲಿ ಕಾಲಿಟ್ಟು ಕೆಡಿಸುತ್ತೋ ಅಂತ.

ಹೀಗಿರಬೇಕಾದ್ರೆ ಒಂದು ದಿನ ಬೆಳಗಾಯ್ತಂತೆ, ಚೆನ್ನಾಜಿ ಏಳಲಿಲ್ಲವಂತೆ. ಜ್ವರ ಇಲ್ಲ, ಗಾಯ ಇಲ್ಲ. ಮೈ ಮಾತ್ರ ಗಾಣದ ಕಲ್ಲಿನ ಹಾಗೆ ಭಾರ. ಅನ್ನ ಬಾಯಿಗಿಟ್ರೆ ಮಣ್ಣು. ಅಳೋಣ ಅಂದ್ರೆ ಅಳೂನೂ ಬರ್ತಿಲ್ಲ. ಸುಮ್ಮನೆ ಗೋಡೆ ನೋಡ್ತಾ ಮಲಗಿದ್ಲಂತೆ. ಆಮೇಲೆ ಎರಡನೇ ದಿನ, ಆಮೇಲೆ ಮೂರನೇ ದಿನ.

ಯಾಕಜ್ಜಿ ಅಂತೀಯಾ? ಗೊತ್ತಿಲ್ಲ ಕಂದ. ಅವಳಿಗೇ ಗೊತ್ತಿರಲಿಲ್ಲ. ಎಲ್ಲಕ್ಕೂ ಯಾಕೆ ಅಂತ ಇರಲೇಬೇಕಾ? ನೆಗಡಿ ಯಾಕೆ ಬಂತು ಅಂತ ನಿನ್ನ ಯಾರಾದ್ರೂ ನಿಲ್ಲಿಸಿ ಕೇಳಿದ್ರಾ?

ಈಗ ಆ ಕಡೆ ಏನಾಯ್ತು ಗೊತ್ತಾ? ಹೊನ್ನಾಲೆಯಲ್ಲಿ ಸಾವಾದ ಮನೆ ಮುಂದೆ ಮಾತ್ರ ರಂಗೋಲಿ ಇಡ್ತಿರಲಿಲ್ಲ. ಗಾಣದ ಮನೆ ಅಂಗಳ ಮೂರು ದಿನ ಬೋಳಾಗಿದ್ದು ನೋಡಿ ಊರೋರು ತಲೆ ಮೇಲೆ ಸೆರಗು ಹೊದ್ದುಕೊಂಡು ಮಾತಾಡಿಸೋಕೆ ಬಂದ್ರಂತೆ. ಪಕ್ಕದೂರಿಂದ ದೊಡ್ಡತಾಯಮ್ಮನ ಅಕ್ಕನ ಮನೆಯವರಂತೂ, ಹೋದ್ಯಾ ನಮ್ಮವ್ವಾ, ಹೇಳದೆ ಹೋದ್ಯಾ ಅಂತ ಎದೆ ಬಡ್ಕೊಂಡು ಒಳಗೆ ನುಗ್ಗಿದ್ರೆ, ಹೋದ ದೊಡ್ಡತಾಯಮ್ಮ ಜಗಲಿ ಮೇಲೆ ಕೂತು ಚಕ್ಕುಲಿ ಕಡೀತಾ ಇದ್ಲಂತೆ!

ನಗು, ನಗು. ಅವಳು ಮಾತ್ರ ನಗಲಿಲ್ಲ. ಬದುಕಿದ್ದಂಗೇ ನಂಗೆ ಸೂತಕ ತಂದ್ಲು ಈ ಮಾರಿ ಅಂತ ಹಾರಾಡಿದ್ಲಂತೆ. ಹಿರೀ ಸೊಸೆ ಕೆಂಪವ್ವ, ಅತ್ತೇ, ಈ ನಾಕು ದಿನ ನಾನೇ ಇಡ್ತೀನಿ ಬಿಡಿ ಅಂದದ್ದಕ್ಕೆ, ಅಂಗಳ ಕಿರೀ ಸೊಸೇದು, ಬೇರೆ ಯಾರ ಕೈಯಾದ್ರೂ ಪುಡಿ ಮುಟ್ಟಿದ್ರೆ ಕೈ ಮುರೀತೀನಿ, ನೀವು ಮಾಡಿಕೊಟ್ಟಷ್ಟೂ ಮಲಗ್ತಾಳೆ ಅವಳು ಅಂದ್ಲಂತೆ. ಊರೋರು ಇದೆಂಥ ಅಪಶಕುನದ ಮನೆಯಪ್ಪಾ, ಇವರ ಎಣ್ಣೆ ದೇವರ ದೀಪಕ್ಕೆ ಬೇಡ ಅಂತ ಬೇರೆ ಗಾಣಕ್ಕೆ ಹೋಗೋಕೆ ಶುರುಮಾಡಿದ್ರಂತೆ. ಅದಾದ್ರೂ ಆಗಲಿ, ಹಟ ಬಿಡಬಾರದು! ಎಂಥ ಬುದ್ಧಿವಂತಿಕೆ ನೋಡು.

ಆಮೇಲೆ ದೊಡ್ಡತಾಯಮ್ಮ ಬೀದಿಗೆಲ್ಲ ಕೇಳೋ ಹಾಗೆ ಹೇಳಿದ್ಲಂತೆ: ಮೂರು ಹುಣ್ಣಿಮೆ ಕಾಯ್ತೀನಿ. ಮೂರನೇ ಹುಣ್ಣಿಮೆ ಬೆಳಗ್ಗೆ ಅಂಗಳದಲ್ಲಿ ಇವಳ ಕೈ ರಂಗೋಲಿ ಇರಲಿಲ್ಲ ಅಂದ್ರೆ ಗಾಡಿ ಹೂಡಿ ತವರಿಗೆ ಕಳಿಸಿ ಚಿಕ್ಕಣ್ಣಂಗೆ ಬೇರೆ ಹೆಣ್ಣು ತರ್ತೀನಿ. ತವರು ಅಂತ ಚೆನ್ನಾಜಿಗೆ ಇದ್ದದ್ದಾದ್ರೂ ಏನು? ಅಪ್ಪ ಅವ್ವ ಇಲ್ಲ, ಬಾಗಿಲು ತೆಗೆಯದ ಅಣ್ಣ ಒಬ್ಬ.

ಆಮೇಲೆ ಶುರುವಾಯ್ತು ನೋಡು, ಮೂರು ಮದ್ದು.

ಮೊದಲನೇದು ಅತ್ತೆಯ ಮದ್ದು. ಹಾಸಿಗೆ ಪಕ್ಕ ನಿಂತು ಬೆಳಗಿಂದ ಸಂಜೆ ತನಕ, ನಿಂಗೇನು ಕಮ್ಮಿಯಾಗಿದೆ, ಹೊತ್ತಿಗೆ ಸರಿಯಾಗಿ ಊಟ ಇಲ್ವಾ, ಕುಡಿಯದ ಗಂಡ ಇಲ್ವಾ, ಕಿವಿಗೆ ಓಲೆ ಇಲ್ವಾ? ಚೆನ್ನಾಜಿ ಯೋಚನೆ ಮಾಡಿದ್ಲಂತೆ, ಹೌದು, ಎಲ್ಲಾ ಇದೆ, ಎಲ್ಲಾ ಇದ್ದೂ ಹೀಗಿದ್ದೀನಿ ಅಂದ್ರೆ ನಾನೇ ಕೆಟ್ಟವಳು. ಹಾಗಂದ್ಕೊಂಡು ಇನ್ನೊಂದಿಷ್ಟು ಗೋಡೆ ಕಡೆ ತಿರುಗಿದ್ಲಂತೆ. ಭೇಷ್! ಎಂಥ ಮದ್ದು!

ಎರಡನೇದು ಹಿರೀ ಮಗ ತಂದದ್ದು, ದೆವ್ವ ಬಿಡಿಸೋನು. ಅವನು ಬೇವಿನ ಬರಲು ಹಿಡಿದು, ಮೆಣಸಿನಕಾಯಿ ಹೊಗೆ ಹಾಕಿ, ಯಾರು ನೀನು, ಯಾವ ಊರು ಹೇಳು ಅಂತ ಗದರಿದ್ನಂತೆ. ಅವಳು ಕೆಮ್ಮುತ್ತಾ, ನಾನು ಚೆನ್ನಾಜಿ, ಇದೇ ಊರು ಅಂದ್ಲಂತೆ. ಅಬ್ಬಾ, ಬಲು ಗಟ್ಟಿ ದೆವ್ವ, ಸುಳ್ಳು ಹೇಳ್ತಿದೆ ಅಂತ ಇನ್ನೂ ನಾಕು ಬಿಟ್ಟನಂತೆ. ನಿಜ ಹೇಳಿದ್ದಕ್ಕೆ ಏಟು! ಆ ಬರಲು ನನ್ನ ಕೈಗೆ ಸಿಗಬೇಕಿತ್ತು.

ಮೂರನೇದು ನಡುವಿನ ಮಗನ ಯೋಚನೆ. ಹೊಸ ಸೀರೆ ತಂದ, ಬಳೆಗಾರನ್ನ ಕರೆಸಿದ, ನೆಂಟರನ್ನೆಲ್ಲ ಸುತ್ತ ಕೂರಿಸಿದ. ಎಲ್ಲರೂ, ನಗಮ್ಮಾ, ಸ್ವಲ್ಪ ನಗು, ಮನಸ್ಸು ಗಟ್ಟಿ ಮಾಡ್ಕೋ, ಎಲ್ಲಾ ನಿನ್ನ ಕೈಯಲ್ಲೇ ಇದೆ ಅಂದ್ರಂತೆ. ಪಾಪ, ಅಷ್ಟು ದೂರದಿಂದ ಬಂದಿದ್ದಾರಲ್ಲ ಅಂತ ಅವಳು ನಕ್ಕಳಂತೆ. ಹಾ, ಸರಿಹೋದ್ಲು ಅಂತ ಎಲ್ಲರೂ ಹೋಳಿಗೆ ತಿಂದು ಎದ್ದು ಹೋದ್ರಂತೆ. ಆ ಒಂದು ನಗು ನಕ್ಕ ಸುಸ್ತಿಗೆ ಅವಳಿಗೆ ಮೂರು ದಿನ ತಲೆ ಎತ್ತೋಕೆ ಆಗಲಿಲ್ಲವಂತೆ.

ಹೀಗೇ ಒಂದು ಹುಣ್ಣಿಮೆ ಕಳೀತು.

ಆಮೇಲೆ ಒಂದು ಮಂಗಳವಾರ ರಂಗೋಲಿ ಪುಡಿ ಮಾರೋ ಬಿಳಿಗಿರಮ್ಮ ಬಂದ್ಲಂತೆ. ತಲೆ ಮೇಲೆ ಬುಟ್ಟಿ, ಮೊಣಕೈ ತನಕ ಬಿಳೀ ಪುಡಿ. ಸುತ್ತ ಅರವತ್ತು ಹಳ್ಳಿ ಅಂಗಳ ನೋಡಿದವಳು. ಗೆರೆ ನಡುಗಿದ್ರೆ ಈ ಮನೆ ಹೆಂಗಸಿಗೆ ಮೈ ಸರಿ ಇಲ್ಲ, ಒತ್ತಿ ಎಳೆದಿದ್ರೆ ಜಗಳ ಆಗಿದೆ ಅಂತ ಓದೋಳು. ಬೋಳು ಅಂಗಳ ನೋಡಿ ಅವಳು ಸತ್ತೋರು ಯಾರು ಅಂತ ಕೇಳಲಿಲ್ಲವಂತೆ. ಏಳೋಕಾಗದೆ ಮಲಗಿರೋರು ಯಾರವ್ವಾ ಅಂತ ಕೇಳಿದ್ಲಂತೆ.

ಏಳೋಕಾಗದೆ ಅಲ್ಲ, ಏಳೋ ಮನಸ್ಸಿಲ್ಲದೆ ಅಂದ್ಲು ದೊಡ್ಡತಾಯಮ್ಮ.

ಬಿಳಿಗಿರಮ್ಮ ಬುಟ್ಟಿ ಇಳಿಸಿದ್ಲಂತೆ. ಗಾಣದ ಎತ್ತು ಮಲಗಿಬಿಟ್ರೆ ಏನ್ಮಾಡ್ತೀಯವ್ವಾ? ನೊಗ ಬಿಚ್ತೀನಿ ಅಂದ್ಲು ದೊಡ್ಡತಾಯಮ್ಮ. ಆಮೇಲೆ? ಹೆಗಲಲ್ಲಿ ಹುಣ್ಣಿದೆಯಾ ನೋಡ್ತೀನಿ. ಹುಣ್ಣು ಕಾಣಲಿಲ್ಲ ಅಂದ್ರೆ? ತಿಳಿದೋರನ್ನ ಕರೀತೀನಿ. ಎತ್ತಿನ ಮುಂದೆ ನಿಂತು, ಹುಲ್ಲಿದೆ ಹಿಂಡಿ ಇದೆ, ನಿಂಗೇನು ಕಮ್ಮಿ ಅಂತ ಕೇಳ್ತೀಯಾ? ಥೂ, ಅದಕ್ಕೇನು ಗೊತ್ತಾಗುತ್ತೆ, ಪಾಪದ ಪ್ರಾಣಿ! ಹಂಗಾದ್ರೆ ಎತ್ತಿಗಿರೋ ಬೆಲೆ ಸೊಸೆಗಿಲ್ಲ ಅನ್ನು ಅಂದ್ಲಂತೆ ಬಿಳಿಗಿರಮ್ಮ.

ದೊಡ್ಡತಾಯಮ್ಮ ಬಾಯಿ ತೆಗೆಯೋದ್ರೊಳಗೆ ಚಿಕ್ಕಣ್ಣ ಎದ್ದು ಬಂದ್ನಂತೆ. ಅವನು ಕೆಟ್ಟವನಲ್ಲ, ತಿಳಿಯದೆ ಸುತ್ತ ಸುತ್ತೋನು, ಅಷ್ಟೇ. ಬಾವ್ವಾ ಒಳಗೆ, ನಂಗೇನು ಮಾಡಬೇಕೋ ಗೊತ್ತಾಗ್ತಿಲ್ಲ ಅಂದ್ನಂತೆ. ಆ ಮನೇಲಿ ಅಷ್ಟು ದಿನದಲ್ಲಿ ಯಾರಾದ್ರೂ ಆಡಿದ ಮೊದಲನೇ ಬುದ್ಧಿ ಮಾತು ಅದು.

ಬಿಳಿಗಿರಮ್ಮ ಹೇಳಿದ್ಲಂತೆ: ಪ್ರತಿ ಮಂಗಳವಾರ ಬರ್ತೀನಿ. ಬಾಗಿಲು ಹಾಕ್ಕೋತೀನಿ. ಒಳಗಾಡಿದ ಮಾತು ಒಳಗೇ. ದೊಡ್ಡತಾಯಮ್ಮನ ಕಿವಿ ಸುಮ್ಮನಿರುತ್ತಾ? ಬಾಗಿಲಿಗೆ ಅಂಟಿಕೊಂಡು ನಿಂತ್ಲಂತೆ. ಸ್ವಲ್ಪ ಹೊತ್ತಾದ ಮೇಲೆ ಬಿಳಿಗಿರಮ್ಮ ಆಚೆ ಬಂದು ನೋಡಿದ್ರೆ, ಬಾಗಿಲ ಮುಂದಿಂದ ಅಡುಗೆಮನೆ ತನಕ ಬಿಳೀ ಹೆಜ್ಜೆ! ಒಳಗೆ ಹೋಗೋ ಮುಂಚೆ ಹೊಸ್ತಿಲಾಚೆ ಜರಡಿಯಿಂದ ಪುಡಿ ಉದುರಿಸಿ ಹೋಗಿದ್ಲು ಜಾಣೆ. ಅಡುಗೆಮನೇಲಿ ಬೆಳ್ಳಿ ಕಾಲಿನೋರು ಯಾರೋ ಇದ್ದಾರಲ್ಲಪ್ಪಾ ಅಂದ್ಲಂತೆ. ಅವತ್ತಿಂದ ಆ ಬಾಗಿಲ ಹತ್ರ ಯಾರೂ ಸುಳೀಲಿಲ್ಲ.

ಮೊದಲನೇ ಮಂಗಳವಾರ ಚೆನ್ನಾಜಿ ಮಾತಾಡಲಿಲ್ಲ. ಬಿಳಿಗಿರಮ್ಮನೂ ಮಾತಾಡಲಿಲ್ಲ. ಪಕ್ಕದಲ್ಲಿ ಕೂತು ಪುಡಿ ಜರಡಿ ಹಿಡಿದು ಎದ್ದು ಹೋದ್ಲಂತೆ. ಎರಡನೇ ಮಂಗಳವಾರ ಚೆನ್ನಾಜಿ ಬಾಯಿ ಬಿಟ್ಟು, ನಾನು ಯಾತಕ್ಕೂ ಬಾರದವಳು, ಬೆಳಗಾಗೋದೇ ಬೇಡ ಅನ್ನಿಸುತ್ತೆ ಅಂದ್ಲಂತೆ. ಬಿಳಿಗಿರಮ್ಮ ಬಾಯಿ ಮುಚ್ಚು ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. ಜೀವ ಬಿಡಬೇಕು ಅನ್ನಿಸುತ್ತಾ ಮಗಳೇ ಅಂತ ನೇರವಾಗಿ ಕೇಳಿದ್ಲಂತೆ. ಒಂದೊಂದ್ಸಲ, ಅಂದ್ಲು ಅವಳು. ಹೇಳಿದ್ದು ಒಳ್ಳೇದಾಯ್ತು, ಇದೊಂದು ಮಾತು ಮಾತ್ರ ಚಿಕ್ಕಣ್ಣಂಗೆ ಹೇಳ್ತೀನಿ, ಅವನು ಜೊತೇಲಿರಬೇಕು, ಬೇರೆ ಯಾವುದೂ ಆಚೆ ಹೋಗಲ್ಲ ಅಂದು, ಅವಳಿಗೆ ತಿಳಿಸೇ ಅವನಿಗೆ ಹೇಳಿದ್ಲಂತೆ. ಅವತ್ತಿಂದ ಚಿಕ್ಕಣ್ಣ ಅವಳನ್ನ ಒಂಟಿ ಬಿಡಲಿಲ್ಲ. ಪಕ್ಕದ ಪೇಟೆ ಪಂಡಿತರ ಹತ್ರ ಕರ್ಕೊಂಡು ಹೋಗಿ ಕಷಾಯಾನೂ ತಂದ. ಕೆಲವರಿಗೆ ಮಾತೂ ಬೇಕು, ಮದ್ದೂ ಬೇಕು, ಅದರಲ್ಲಿ ನಾಚಿಕೆ ಏನು ಬಂತು?

ಮೂರನೇ ಮಂಗಳವಾರ ಚೆನ್ನಾಜಿ ಅತ್ತಳಂತೆ. ಅಳು ಬಂತಲ್ಲ ಅಂತ ಅವಳಿಗೇ ಆಶ್ಚರ್ಯ. ನನ್ನಿಂದಲೇ ಈ ಮನೆ ಕೆಟ್ಟಿತು ಅಂದ್ಲು. ಹೌದಾ, ಯಾರಂದ್ರು? ನನ್ನ ತಲೇಲಿ ಏನೋ ಒಂದು ಹಗಲೂ ರಾತ್ರಿ ಹಾಗನ್ನುತ್ತೆ. ಬಿಳಿಗಿರಮ್ಮ, ಎಣ್ಣೆ ಕೊಳ್ಳೋರನ್ನ ಓಡಿಸಿದ್ದು ನೀನಾ, ಕೆಂಪವ್ವನ ಕೈ ಹಿಡಿದು ನಿಲ್ಲಿಸಿದ ಹಟಾನಾ ಅಂತ ಕೇಳಿದ್ಲಂತೆ. ಚೆನ್ನಾಜಿ ಆ ಮಾತನ್ನ ಒಂದು ವಾರ ತಿರುಗಿಸಿ ತಿರುಗಿಸಿ ನೋಡಿದ್ಲಂತೆ.

ಆಮೇಲೆ ಬಿಳಿಗಿರಮ್ಮ ಅವಳ ಅಂಗೈಗೆ ಒಂದು ಚಿಟಿಕೆ ಪುಡಿ ಹಾಕಿ, ಹದಿನೈದು ಬೇಡ, ದಿನಕ್ಕೊಂದು ಚುಕ್ಕಿ ಇಡು, ಹಾಸಿಗೆ ಪಕ್ಕದಲ್ಲೇ ಇಡು ಅಂದ್ಲಂತೆ. ಒಂದು ವಾರ ಹಾಸಿಗೆ ಪಕ್ಕ. ಆಮೇಲೆ ಕೋಣೆ ಬಾಗಿಲಲ್ಲಿ. ಆಮೇಲೆ ಅಡುಗೆಮನೆ ಹೊಸ್ತಿಲಲ್ಲಿ. ಅಷ್ಟರಲ್ಲಿ ಮತ್ತೆ ಐದು ದಿನ ಮಲಗಿಬಿಟ್ಲಂತೆ. ನೋಡಿದ್ಯಾ, ನಾನು ಹೇಳಲಿಲ್ವಾ ಅಂತ ದೊಡ್ಡತಾಯಮ್ಮ ಕುಣಿದ್ಲಂತೆ. ಬಿಳಿಗಿರಮ್ಮ, ರಂಗೋಲಿ ದಿನಾ ಅಳಿಸಿ ಹೋಗುತ್ತಲ್ಲವ್ವಾ, ಮಾರನೇ ದಿನ ಇನ್ನೊಂದು ಇಡಲ್ವಾ, ಯಾವತ್ತಾದ್ರೂ ರಂಗೋಲೀನ ಬೈದಿದ್ದೀಯಾ ಅಂದ್ಲಂತೆ.

ಬಂತು ಮೂರನೇ ಹುಣ್ಣಿಮೆ. ದೊಡ್ಡತಾಯಮ್ಮ ಊರ ಪಟೇಲರನ್ನ ಕರೆಸಿ ಜಗಲಿ ಮೇಲೆ ಕೂರಿಸಿದ್ಲು. ಗಾಡಿ ಬಾಗಿಲಿಗೆ ಬಂದಿದೆ, ಚೆನ್ನಾಜಿ ಗಂಟು ಅದರೊಳಗಿದೆ. ಬೀದಿಯೆಲ್ಲ ನಿಂತಿದೆ. ಅವಳನ್ನ ಕಳಿಸಿದ್ರೆ ನಾನೂ ಹೋಗ್ತೀನಿ ಅಂತ ಚಿಕ್ಕಣ್ಣ ಮುಖ ಬಿಗಿದು ಗಾಡಿ ಪಕ್ಕ ನಿಂತಿದ್ದಾನೆ. ಆಗ ಚೆನ್ನಾಜಿ ಬಾಗಿಲು ಹಿಡ್ಕೊಂಡು ಆಚೆ ಬಂದ್ಲಂತೆ. ಒಂದು ಚೊಂಬು ನೀರು ಹಾಕಿದ್ಲು. ಕೂತ್ಲು. ಅಷ್ಟು ದೊಡ್ಡ ಅಂಗಳದ ನಡುವೆ ಒಂದೇ ಒಂದು ಚುಕ್ಕಿ ಇಟ್ಲು. ಎದ್ದು ನಿಂತ್ಲು.

ಇದು ರಂಗೋಲಿಯಾ? ಕಾಗೆ ಹಿಕ್ಕೆ ಹಾಕಿದ ಹಾಗಿದೆ! ಹೊಡಿ ಗಾಡೀನ! ಅಂದ್ಲಂತೆ ದೊಡ್ಡತಾಯಮ್ಮ. ಬೀದಿ ಗೊಳ್ಳಂತು.

ಚೆನ್ನಾಜಿ ಪಟೇಲರ ಕಡೆ ತಿರುಗಿದ್ಲಂತೆ. ದನಿ ನಡುಗ್ತಿತ್ತಂತೆ, ನಡುಗಿದ್ರೆ ನಡುಗಲಿ ಬಿಡು. ಅಪ್ಪಾ, ರಂಗೋಲಿ ಇಲ್ಲದ ಮನೇಲಿ ಸಾವಾಗಿದೆ ಅಂತ ತಾನೇ ನೀವು ತಿಳ್ಕೊಳ್ಳೋದು? ಹೌದಮ್ಮ. ಇದ್ರೆ? ಎಲ್ಲರೂ ಬದುಕಿದ್ದಾರೆ ಅಂತ. ಎಷ್ಟು ಚುಕ್ಕಿ ಇಟ್ರೆ ಬದುಕಿದ್ದಾರೆ ಅಂತ?

ಪಟೇಲರು ತಲೆ ಕೆರ್ಕೊಂಡ್ರು. ಎಷ್ಟು ಅಂತ ಹಿಂದಿನೋರು ಹೇಳಿಲ್ಲವಲ್ಲಮ್ಮ ಅಂದ್ರು.

ಹಂಗಾದ್ರೆ ನಾನು ಬದುಕಿದ್ದೀನಿ ಅಂದ್ಲಂತೆ ಚೆನ್ನಾಜಿ. ಇವತ್ತಿಗೆ ಇಷ್ಟು ಬದುಕಿದ್ದೀನಿ.

ಪಟೇಲರು ಎದ್ದು, ಈ ಮನೇಲಿ ಸೂತಕ ಇಲ್ಲ, ಗಾಡಿ ಬಿಚ್ಚಿ ಅಂದ್ರಂತೆ. ಕೆಂಪವ್ವ ಯಾರನ್ನೂ ಕೇಳದೆ ಗಾಡಿ ಹತ್ತಿ ಆ ಗಂಟನ್ನ ಕೆಳಗಿಳಿಸಿದ್ಲಂತೆ. ನಂಗೆ ಸಿಟ್ಟು ಬರೋದು ಇಲ್ಲೇ ಕಂದ. ಕಣ್ಣೆದುರಿಗೆ ನಿಂತಿರೋ ಹುಡುಗಿ ಬದುಕಿದ್ದಾಳೆ ಅಂತ ಹೇಳೋಕೆ ಒಬ್ಬ ಪಟೇಲ ಬೇಕಾಯ್ತು!

ಆಮೇಲೆ? ಆಮೇಲೆ ಮಂಗಳವಾರಗಳು ನಡೀತಾನೇ ಇದ್ವು. ಒಂದು ಚುಕ್ಕಿ ಮೂರಾಯ್ತು, ಮೂರು ಏಳಾಯ್ತು, ಒಂದು ದಿನ ಹದಿನೈದೂ ಸೇರಿ ಗೆರೆ ಕೂಡಿಕೊಳ್ತು, ಹಾಲಿನೋನು ಹಸೂನ ಮತ್ತೆ ಆಚೆ ಬದಿಗೆ ಹೊಡೆದ. ಎಣ್ಣೆಗೂ ಜನ ಬಂದ್ರು. ಆದರೂ ವರ್ಷದಲ್ಲಿ ಕೆಲವು ದಿನ ಅಂಗಳದಲ್ಲಿ ಒಂದೇ ಚುಕ್ಕಿ ಇರ್ತಿತ್ತಂತೆ. ಅವತ್ತು ಬೀದಿಯೋರು ಯಾರು ಸತ್ರು ಅಂತ ಕೇಳ್ತಿರಲಿಲ್ಲ. ಒಂದು ಬಟ್ಟಲು ಬಿಸಿ ಸಾರು ಕೊಟ್ಟು ಸುಮ್ಮನೆ ಹೋಗ್ತಿದ್ರಂತೆ. ಚೆನ್ನಾಜಿ ಚಿಕ್ಕಣ್ಣ ಬಹಳ ಕಾಲ ಚೆನ್ನಾಗಿದ್ರಂತೆ.

ಅತ್ತೆಗೆ ಶಿಕ್ಷೆ ಆಗಲಿಲ್ವಾ ಅಂತೀಯಾ? ಆಯ್ತು. ಒಂದು ಚುಕ್ಕಿ ದಿನ ಬಾಯಿ ಮುಚ್ಕೊಂಡು ಸೊಸೆ ಪಕ್ಕ ಕೂರೋದು ಕಲಿಯಬೇಕಾಯ್ತು. ಭಾರಿ ಕಷ್ಟ ಅದು. ನಂಗೊತ್ತು.

ಹೇಗೆ ಅಂದ್ರೆ... ಸುಗುಣಂಗೆ ಬೈದೆನಲ್ಲ, ನಿಂಗೇನು ಕಮ್ಮಿ ಅನ್ನೋ ಮಾತನ್ನ ಈ ಮನೇಲಿ ಮೊದಲು ಆಡಿದ್ದು ನಾನೇ. ಒಂದು ತಿಂಗಳು ದಿನಾ ಆಡಿದೆ, ನಿಮ್ಮಮ್ಮನ ಬಾಗಿಲಲ್ಲಿ ನಿಂತ್ಕೊಂಡು. ಈಗ ಮಂಗಳವಾರ ಮಂಗಳವಾರ ಅವಳು ಪೇಟೆ ಡಾಕ್ಟರಮ್ಮನ ಹತ್ರ ಮಾತಾಡೋಕೆ ಹೋಗ್ತಾಳಲ್ಲ, ಆಚೆ ಬೆಂಚಿನ ಮೇಲೆ ಕೂತಿರೋಳು ನಾನು. ಬಾಗಿಲಿಗೆ ಕಿವಿ ಕೊಡಲ್ಲ, ದೇವರಾಣೆ.

ನಾಳೆ ಬೆಳಗ್ಗೆ ನಾನೇ ಅಂಗಳದಲ್ಲಿ ಚುಕ್ಕಿ ಇಡ್ತೀನಿ ಅಂತೀಯಾ? ಬೇಡ ಕಂದ, ಅದು ನಿಮ್ಮಮ್ಮಂದು. ನೀನು ಪುಡಿ ಡಬ್ಬೀನ ಹೊಸ್ತಿಲ ಹತ್ರ ಇಟ್ಟು ಬಾ, ಸಾಕು. ಇಟ್ರೆ ಇಡಲಿ. ಇಡಲಿಲ್ಲ ಅಂದ್ರೆ ನಾಳಿದ್ದೂ ಡಬ್ಬಿ ಅಲ್ಲೇ ಇರುತ್ತೆ. ಸುಗುಣ ಕೇಳಿದ್ರೆ ನನ್ನ ಹತ್ರ ಕಳಿಸು.

ಹೂಂ, ಮುಗೀತಮ್ಮ ಗಾಣದ ಮನೆ ಕತೆ. ಕಣ್ಣು ಮುಚ್ಕೋ.