ವಾರಸುದಾರರಿಲ್ಲದ ಕಣ್ಣು

ಒಂದಾನೊಂದು ಊರಿನಲ್ಲಿ, ಸುಳ್ಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಬೊಪ್ಪರಾಯ ಅಂತ ಒಬ್ಬ ರಾಜನಿದ್ದ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ಯಾರ ಮೂಗು ಯಾರಿಂದ ಬಂತು ಅನ್ನೋದೊಂದೇ ಚಿಂತೆ.

ಮಗು ಹುಟ್ಟಿದರೆ ನೆಂಟರೆಲ್ಲ ತೊಟ್ಟಿಲ ಸುತ್ತ ಸೇರಿ, "ಮೂಗು ನಮ್ಮ ಕಡೇದು, ಕಿವಿ ನಿಮ್ಮ ಕಡೇದು" ಅನ್ನಲ್ವಾ ನಾವು? ಆ ಊರಲ್ಲಿ ಅದೇ ಕಾನೂನು. ವಾರಸುದಾರರಿಲ್ಲದ ಅಂಗ ಒಂದು ಸಿಕ್ಕರೂ ಸಾಕು, ತಾಯಿಗೆ ಗಡೀಪಾರು. ತೊಟ್ಟಿಲ ಸಮೇತ ಮಗುವೂ ಜೊತೆಗೆ. ನಗಬೇಡಿ, ಇದಕ್ಕಿಂತ ಕೆಟ್ಟ ಕಾನೂನು ನೀವೂ ಕಂಡಿದ್ದೀರಿ.

ಹೀಗಿರುವಾಗ ರಾಣಿ ಚೆಲುವವ್ವನೇ ಹೆಣ್ಣುಮಗು ಹೆತ್ತಳು. ತೊಟ್ಟಿಲಶಾಸ್ತ್ರದ ದಿನ ರಾಜ ಬಗ್ಗಿ ವಿಚಾರಣೆ ಶುರುಮಾಡಿದ.

"ಮೂಗೇ, ನೀನು ಯಾರ ಕಡೆ?"

"ಅಪ್ಪನ ಕಡೆ ದೊರೆ," ಅಂತು ಮೂಗು, ಸೀನುತ್ತಾ.

"ಕಿವಿಯೇ, ನೀನು?"

"ಅಮ್ಮನ ಕಡೆ."

"ಕೂದಲೇ?"

"ನನಗೆ ಇಬ್ಬರೂ ಒಂದೊಂದು ಮಾತು ಹೇಳಿ ಕಳಿಸಿದ್ರಿ. ನೀವು ಗುಂಗುರಾಗು ಅಂದ್ರಿ, ಅಮ್ಮ ನೆಟ್ಟಗಿರು ಅಂದ್ರು. ನಿಮ್ಮ ಮಾತೇ ಜೋರಾಗಿತ್ತು. ಅಮ್ಮನ ಮಾತು ಒಳಗೆ ಸುಮ್ನೆ ಕೂತಿದೆ."

ರಾಜ ಮೀಸೆ ತಿರುವಿದ. ಅಷ್ಟರಲ್ಲಿ ಮಗು ಕಣ್ಣು ಬಿಟ್ಟಿತು. ಬೆಕ್ಕಿನ ಕಣ್ಣು!

ರಾಜನದು ಕಪ್ಪು ಕಣ್ಣು, ರಾಣಿಯದೂ ಕಪ್ಪು. "ನಮ್ಮದಲ್ಲ, ನಮ್ಮದಲ್ಲ" ಅಂತ ನೆಂಟರು ಹಿಂದೆ ಸರಿದರು. ಪಾಪ, ತವರಿನವರೂ ಸರಿದರು.

"ಗಾಡಿ ಕಟ್ಟಿ" ಅಂದ ರಾಜ.

ಚೆಲುವವ್ವ ಅಳಲಿಲ್ಲ. "ಹೋಗ್ತೀನಿ. ಆದ್ರೆ ಮೂಗನ್ನ ಕೇಳಿದ್ರಿ, ಕಿವೀನ ಕೇಳಿದ್ರಿ. ಕಣ್ಣನ್ನ ಕೇಳಲೇ ಇಲ್ಲ."

ಕಾನೂನು ಕಾನೂನೇ. ರಾಜ ಕೇಳಿದ.

"ನಾವು ಇಬ್ಬರ ಕಡೆಯವರೂ," ಅಂದವು ಕಣ್ಣುಗಳು. "ನೀವಿಬ್ಬರೂ ಮೆಲ್ಲಗೆ, ಬೆಕ್ಕಿನ ಕಣ್ಣಾಗಿ ಅಂತ ಒಂದೇ ಮಾತು ಹೇಳಿ ಕಳಿಸಿದ್ರಿ. ಜೋರು ಬಾಯಿಯವರು ಯಾರೂ ಬರಲಿಲ್ಲ. ಅದಕ್ಕೇ ಮೆಲ್ಲಗಿನ ಮಾತು ಕೇಳಿಸ್ತು."

"ಅದು ಹೇಗಾಗತ್ತೆ! ನನ್ನ ಕಣ್ಣು ಕಪ್ಪು, ನಮ್ಮಪ್ಪನ ಕಣ್ಣು ಕಪ್ಪು!"

"ನಿಮ್ಮಪ್ಪನ ಅಮ್ಮಂದು?"

ಮಗುವಿಗೆ ಹೆಸರಿಡಲು ಬಂದಿದ್ದ ರಾಜನ ಅಕ್ಕ ದ್ಯಾವಕ್ಕ ಬಾಯಿ ಬಿಟ್ಟಳು. "ಅಜ್ಜಿದು ಬೆಕ್ಕಿನ ಕಣ್ಣು ಕಣಪ್ಪ. ವಂಶಕ್ಕೆ ಆ ಕಣ್ಣು ಬರಬಾರದು ಅಂತ ತಾತ ಹಸುಗೂಸಾಗಿದ್ದ ನಮ್ಮಪ್ಪನ್ನ ಕಿತ್ಕೊಂಡು ಅವಳನ್ನ ಗಡಿ ದಾಟಿಸಿದ. ಅವಳ ಮಾತೇ ಎತ್ತಬಾರದು ಅಂತ ನನಗೆ ಹೇಳಿದ್ರು."

"ಅವರು ಹೋದರು, ನಾವು ಹೋಗಲಿಲ್ಲ," ಅಂದವು ಕಣ್ಣುಗಳು. "ಆ ಕೂಸಿನೊಳಗೇ ಉಳಿದ್ವಿ. ಅಲ್ಲಿಂದ ನಿಮ್ಮೊಳಗೆ ಬಂದ್ವಿ. ರಾಣಿಯವರೊಳಗೂ ಯಾರೋ ಹಿರಿಯರ ಕಣ್ಣು ಹೀಗೇ ಕೂತಿತ್ತು."

ಬೊಪ್ಪರಾಯ ಅಜ್ಜಿಯ ಮುಖ ಕಂಡವನೇ ಅಲ್ಲ. ಪೇಟ ತೆಗೆದು ಕೆಳಗಿಟ್ಟ. ತೊಟ್ಟಿಲ ಪಕ್ಕ ಮಂಡಿಯೂರಿದ. ಆ ಕಣ್ಣುಗಳನ್ನೇ ನೋಡುತ್ತಾ, "ಅಜ್ಜೀ, ಊಟ ಆಯ್ತಾ?" ಅಂದ.

ಮಗು ಹೋ ಅಂತ ಅತ್ತಿತು.

"ಇನ್ನೂ ಆಗಿಲ್ಲ," ಅಂತ ಚೆಲುವವ್ವ ಮಗುವನ್ನು ಎತ್ತಿಕೊಂಡು ಹೋದಳು. ಗಾಡಿಯ ಕಡೆಗಲ್ಲ, ಒಳಮನೆಗೆ.

ಇದರ ನೀತಿ ಇಷ್ಟೇ: ತೊಟ್ಟಿಲು ತೂಗುವಾಗ ಸ್ವಲ್ಪ ಮರ್ಯಾದೆ ಇರಲಿ. ಒಳಗೆ ಎಷ್ಟು ಜನ ಹಿರಿಯರು ಮಲಗಿದ್ದಾರೋ, ಯಾರಿಗೆ ಗೊತ್ತು!