ಕಂಬ ಬಿಡದ ಮಗರಾಯ

ಕೈ ತೆಂಗಿನ ಗರಿ ಮೇಲಿರಲಿ, ಕಿವಿ ನನ್ನ ಕಡೆ ಇರಲಿ, ಕೇಳ್ರವ್ವಾ. ಏ ದೇವೀರಿ, ಚಪ್ಪರದ ಆ ಮೂಲೆ ಕಂಬಕ್ಕೆ ಒರಗಬೇಡ ಕಣೇ, ಬುಡ ಸಡಿಲ ಆಗೈತೆ. ನಮ್ಮನೆಯವ್ರು ಹಿಡ್ಕಂಡು ನಿಂತವ್ರೆ, ಕಾಣಕ್ಕಿಲ್ವಾ? ಹಗ್ಗ ತರಕ್ಕೆ ಹೋದೋರು ಬರಲಿ. ಅಲ್ಲೀವರ್ಗೂ ನೀವು ಗರಿ ಹೆಣೀರಿ, ನಾನು ಕತೆ ಹೇಳ್ತೀನಿ.

ಒಂದೂರಲ್ಲಿ ನಿಂಗಾಜಮ್ಮ ಅಂತ ಒಬ್ಬಳಿದ್ಲು. ಗಂಡ ಇಲ್ಲ, ಒಬ್ಬನೇ ಮಗ. ಅವನ ಹೆಸರು ಕೇಳಬೇಡಿ, ನಾನು ಹೇಳಕ್ಕಿಲ್ಲ. ಮಗರಾಯ ಅನ್ನಾನ. ಆಳು ನೋಡಿದ್ರೆ ಅಲಂಕಾರ, ಬಾಳು ನೋಡಿದ್ರೆ ಬಾಯಿ ಬಡ್ಕಬೇಕು! ಹೇಳಿದ್ದು ಮಾಡ್ತಿದ್ದ. ಹೇಳಿದ್ದಷ್ಟೇ ಮಾಡ್ತಿದ್ದ. "ಎಮ್ಮೆ ಕಡೆ ಒಂದು ಕಣ್ಣಿಟ್ಟಿರ್ಲಾ" ಅಂತ ಅವ್ವ ಹೇಳಿ ಹೊಲಕ್ಕೆ ಹೋದ್ರೆ, ಇನ್ನೊಂದು ಕಣ್ಣು ಅಂಗೈಲಿ ಮುಚ್ಕಂಡು ಬೈಗಾಗೋವರ್ಗೂ ಕೂತಿದ್ದ.

"ಅಯ್ಯೋ ನನ್ನ ಹಣೇಬರವೇ! ನಿನ್ನ ಕಟ್ಕಂಡು ಯಾವಳ್ಲಾ ಬಾಳ್ತಾಳೆ!" ಅಂತ ನಿಂಗಾಜಮ್ಮ ಹಣೆ ಹಣೆ ಚಚ್ಕಳೋಳು. ಆದ್ರೆ ಬೇರೆ ಯಾರಾದ್ರೂ ಪೆದ್ದ ಅಂದ್ರೋ, ಮುಗೀತು! ಒಲೆ ಸೌದೆ ಹಿಡ್ಕಂಡೇ ಬೀದಿಗೆ ಬರೋಳು. "ನನ್ನ ಮಗ ಇವತ್ತಿನವರ್ಗೂ ನನಗೆ ಎದುರುತ್ತರ ಕೊಟ್ಟಿಲ್ಲ. ನಿನ್ನ ಮಗನ ಬಗ್ಗೆ ಹಂಗನ್ನು ನೋಡಾನ!" ಬೀದಿಯೋರು ಬಾಯಿ ಮುಚ್ಕಂಡು ಒಳಕ್ಕೆ ಹೋಗೋರು.

ಮಗನಿಗೆ ಮದುವೆ ವಯಸ್ಸು ಬಂತು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ, ಹೆಣ್ಣಿನ ಕಡೆಯೋರು ಮೊದ್ಲು ಗಂಡಿನ ಮನೆ ನೋಡಕ್ಕೆ ಬತ್ತಾರೆ. ಇವಳ ಮನೆಯೋ ಒಂದೇ ಅಂಕಣ! ಒಂದ್ಸಲ ಬಂದೋರು ಅರ್ಧ ಜನ ಒಳಗೆ ಕೂತ್ರು, ಅರ್ಧ ಜನ ಹಿತ್ತಲಲ್ಲಿ ಎಮ್ಮೆ ಪಕ್ಕ ಕೂತ್ರು. ನೆತ್ತಿ ಮೇಲೆ ಬಿಸಿಲು, ಕಾಲ ಕೆಳಗೆ ಕೊಚ್ಚೆ. ಎಮ್ಮೆ ಬಾಲ ಬೀಸಿ ಹುಡುಗಿಯ ಸೋದರಮಾವನ ಕೆನ್ನೆಗೆ ಬಾರಿಸ್ತು. ಕಾಪಿನೂ ಕುಡೀದೆ ಎದ್ದು ಹೋದ್ರು.

ಆಮೇಲೆ ಇನ್ನೊಂದು ಸಂಬಂಧ ಕೂಡಿ ಬಂತು. ಇದೂ ತಪ್ಪಿಹೋದ್ರೆ ಇನ್ನು ಈ ಕಡೆ ಯಾರೂ ತಲೆ ಹಾಕಲ್ಲ, ಮಗ ಒಂಟಿಯಾಗೇ ಉಳೀತಾನೆ ಅಂತ ನಿಂಗಾಜಮ್ಮನಿಗೆ ನಿದ್ದೆನೇ ಬರಲಿಲ್ಲ. ಯೋಚ್ನೆ ಮಾಡಿ ಮಾಡಿ ಎದ್ದು ಕೂತ್ಲು. "ಹಿತ್ತಲಿಗೆ ಜಲ್ಲಿ ಹಾಸ್ತೀನಿ, ಕೊಚ್ಚೆ ಇರಲ್ಲ. ಮೇಲೆ ಗರಿ ಚಪ್ಪರ ಹಾಕ್ತೀನಿ, ಬಿಸಿಲು ಇರಲ್ಲ. ಬೀಗರು ತಣ್ಣಗೆ ಕೂರಲಿ. ಇಂಥಾ ಜಾಗ ಪಟೇಲರ ಮನೇಲೂ ಇಲ್ಲ ಅನ್ನಲಿ!" ಅಂದ್ಲು.

ಮಗನ್ನ ಕರೆದ್ಲು. "ಲೋ, ನಾನು ಹೊಲಕ್ಕೆ ಹೋಗಿ ಬತ್ತೀನಿ. ಹತ್ತು ಜನ ಆರಾಮಾಗಿ ಕೂರೋವಷ್ಟು ಜಾಗ ನೋಡಿ ಗುರುತು ಹಾಕ್ಲಾ."

"ಆಗ್ಲಿ ಕಣವ್ವಾ!"

ಮಗರಾಯ ಬೀದಿಗೆ ಹೋದ. ಕೈಗೆ ಸಿಕ್ಕಿದೋರನ್ನೆಲ್ಲಾ ಎಳ್ಕಂಡು ಬಂದ. ಕ್ಷೌರ ಮಾಡಿಸ್ಕತಾ ಇದ್ದವನನ್ನ ಅರ್ಧ ಗಡ್ಡದಲ್ಲೇ ಎಬ್ಬಿಸ್ಕಂಡು ಬಂದ, ಕ್ಷೌರದವನನ್ನೂ ಬಿಡಲಿಲ್ಲ. ಹತ್ತು ಜನ ಆದ್ರು. "ಆರಾಮಾಗಿ ಕೂತ್ಕಳಿ" ಅಂದ. ಕೂತ್ರು. ಒಲೆ ಬೂದಿ ತಂದು ಒಬ್ಬೊಬ್ಬರ ಕುಂಡಿ ಸುತ್ತ ಗೆರೆ ಎಳೆದ. ಅವ್ವ ಬಂದು ನೋಡ್ತಾಳೆ, ಹಿತ್ತಲ ತುಂಬ ಜನ!

"ಏನ್ಲಾ ಇದು ಸಂತೆ!"

"ಹತ್ತು ಜನ ಅಂದ್ಯಲ್ಲವ್ವಾ. ಎಲ್ಲಾರೂ ಆರಾಮಾಗವ್ರೆ, ಕೇಳು ಬೇಕಾದ್ರೆ!"

"ಅಯ್ಯೋ ಪೆದ್ದು ಮುಂಡೇದೇ! ಜಾಗ ಗುರುತು ಮಾಡೋದು ಹಿಂಗಾ? ನಾಲ್ಕು ಮೂಲೆಗೆ ಗೂಟ ಹೊಡೀಬೇಕು, ಸುತ್ತ ಹಗ್ಗ ಎಳೀಬೇಕು, ಒಳಕ್ಕೆ ಒಂದು ನರಪಿಳ್ಳೆನೂ ಬಿಡಬಾರ್ದು!"

"ಆಗ್ಲಿ ಕಣವ್ವಾ, ಇನ್ನೊಂದ್ಸಲ ಹಂಗೇ ಮಾಡ್ತೀನಿ!"

ಜಾಗ ಅವಳೇ ಅಳೆದು ಗೆರೆ ಹಾಕಿದ್ಲು. ಮಾರನೇ ದಿನ "ಕಲ್ಲು ಒಡೆಯೋ ಕ್ವಾರಿ ಹತ್ರ ಜಲ್ಲಿ ರಾಶಿ ಐತೆ. ಯಜಮಾನ್ರಿಗೆ ಹೇಳಿದ್ದೀನಿ, ಗಾಡಿ ಹೊಡ್ಕಂಡು ಹೋಗ್ಲಾ" ಅಂತ ಕಳಿಸಿದ್ಲು.

ಗಾಡಿ ಹೋಯ್ತು. ಹೊತ್ತು ನೆತ್ತಿಗೆ ಬಂತು, ಇಳೀತು. ಮಗರಾಯ ಬರಲಿಲ್ಲ. ಅವ್ವ ಏದುಸಿರು ಬಿಡ್ತಾ ಕ್ವಾರಿಗೆ ಓಡಿದ್ಲು. ನೋಡ್ತಾಳೆ, ಜಲ್ಲಿ ರಾಶಿ ಸುತ್ತ ನಾಲ್ಕು ಗೂಟ! ಗೂಟದ ಸುತ್ತ ಹಗ್ಗ! ಹಗ್ಗದ ಹತ್ರ ದೊಣ್ಣೆ ಹಿಡ್ಕಂಡು ಮಗರಾಯ! ಕ್ವಾರಿ ಆಳುಗಳು ಬುಟ್ಟಿ ಬೋರಲು ಹಾಕ್ಕಂಡು ದೂರದಲ್ಲಿ ಕೂತವ್ರೆ.

"ಒಂದು ನರಪಿಳ್ಳೆನೂ ಬಿಡಲಿಲ್ಲ ಕಣವ್ವಾ! ಕ್ವಾರಿ ಯಜಮಾನನ್ನೂ ಬಿಡಲಿಲ್ಲ!" ಅಂತ ಎದೆ ಉಬ್ಬಿಸಿ ಹೇಳ್ದ.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಗಾಡಿಗೆ ತುಂಬಬೇಕು, ತಂದು ಹಿತ್ತಲಲ್ಲಿ ಧಡಾರ್ ಅಂತ ಸುರೀಬೇಕು, ಮೇಲೆ ಹತ್ತಿ ತುಳಿದು ತುಳಿದು ಗಟ್ಟಿ ಮಾಡ್ಬೇಕು! ತಿಳೀತಾ?"

"ತಿಳೀತು ಕಣವ್ವಾ, ಇನ್ನೊಂದ್ಸಲ ಹಂಗೇ ಮಾಡ್ತೀನಿ!"

ನಿಂಗಾಜಮ್ಮ ಯಜಮಾನನ ಕೈಕಾಲು ಹಿಡಿದು, ಅವರ ಗಾಡೀಲೇ ಜಲ್ಲಿ ತರಿಸಿ ಹಿತ್ತಲ ಅಂಚಲ್ಲಿ ರಾಶಿ ಹಾಕಿಸಿದ್ಲು. ಆಮೇಲೆ ನೆನಪಾಯ್ತು, ಬೀಗರಿಗೆ ನೀರಿಡಕ್ಕೆ ಮಡಕೆ ಬೇಕಲ್ಲ. "ಕುಂಬಾರಗೇರಿಗೆ ಹೋಗಿ ಒಂದಷ್ಟು ಹೊಸ ಮಡಕೆ ತಗಂಡು ಬಾರ್ಲಾ" ಅಂದ್ಲು.

ಹೂಂ, ನಗ್ತಾ ಇದೀರಲ್ಲ, ನಿಮಗೆ ಆಗ್ಲೇ ಗೊತ್ತಾಯ್ತು! ಮಗರಾಯ ಗಾಡಿಗೆ ತುಂಬಿದ. ತಂದು ಹಿತ್ತಲಲ್ಲಿ ಧಡಾರ್ ಅಂತ ಸುರಿದ. ಮೇಲೆ ಹತ್ತಿ ಧಿಮಿಕಿ ಧಿಮಿಕಿ ಅಂತ ತುಳಿದ. ತುಳಿದು ತುಳಿದು ಗಟ್ಟಿ ಮಾಡ್ದ. ಅವ್ವ ಬರೋ ಹೊತ್ತಿಗೆ ಒಂದು ಮಡಕೆನೂ ಇಲ್ಲ, ನೆಲದ ತುಂಬ ಕೆಂಪು ಚೂರು.

"ಅಯ್ಯಯ್ಯೋ! ನನ್ನ ಹೊಟ್ಟೆ ಉರಿಸಕ್ಕೇ ಹುಟ್ಟಿದ್ಯೇನ್ಲಾ!"

"ಗಟ್ಟಿ ಆಯ್ತು ಕಣವ್ವಾ, ತುಳಿದು ನೋಡು!"

"ನಿನ್ನ ತಲೆ ತುಳೀಬೇಕು! ಅಂಥಾದ್ದನ್ನ ಹಂಗೆ ಸುರೀತಾರಾ? ಒಂದೊಂದೇ ಎತ್ತಬೇಕು, ಹಸುಗೂಸು ಎತ್ಕಂಡಂಗೆ. ಮೈ ಒರಸಬೇಕು. ಒಂದರ ಪಕ್ಕ ಒಂದು ಮೆಲ್ಲಗೆ ಇಡಬೇಕು!"

"ಆಗ್ಲಿ ಕಣವ್ವಾ, ಇನ್ನೊಂದ್ಸಲ ಹಂಗೇ ಮಾಡ್ತೀನಿ!"

ಅತ್ತು ಸುಮ್ಮನಾದ್ಲು ನಿಂಗಾಜಮ್ಮ. ಹೆಂಗೂ ಕೊಚ್ಚೆ ಜಾಗ, ಚೂರು ಅಡೀಲಿದ್ರೆ ನೀರು ಇಂಗುತ್ತೆ ಅಂತ ಹಂಗೇ ಬಿಟ್ಲು. ಮಾರನೇ ದಿನ "ಇದರ ಮೇಲೆ ಜಲ್ಲಿ ಹಾಸ್ಲಾ" ಅಂತ ಹೇಳಿ ಹೊಲಕ್ಕೆ ಹೋದ್ಲು.

ಸಾಯಂಕಾಲ ಬಂದು ನೋಡ್ತಾಳೆ, ಹಾಸಿರೋದು ಒಂದು ಚಾಪೆಯಷ್ಟು ಅಗಲ! ಮಗರಾಯ ಮಂಡಿಯೂರಿ ಕೂತವ್ನೆ. ಒಂದು ಜಲ್ಲಿ ಎತ್ತಿದ, ಹಸುಗೂಸಿನಂಗೆ. ಪಂಚೆ ಅಂಚಲ್ಲಿ ಒರಸಿದ. ಪಕ್ಕದ ಜಲ್ಲಿಗೆ ಕೂಡಿಸಿ ಮೆಲ್ಲಗೆ ಇಟ್ಟ. ಇನ್ನೊಂದು ಎತ್ತಿದ.

ನಿಂಗಾಜಮ್ಮ ಬೈಯಕ್ಕೆ ಬಾಯಿ ತೆಗೆದ್ಲು. ಆದ್ರೂ ಒಂದ್ಸಲ ಕಾಲಿಟ್ಟು ನೋಡಿದ್ಲು. ಒಂದು ಜಲ್ಲಿನೂ ಅಲ್ಲಾಡಲಿಲ್ಲ, ಒಂದೂ ಚುಚ್ಚಲಿಲ್ಲ. ಜೋರಾಗಿ ಕಾಲು ಕುಟ್ಟಿ ನೋಡಿದ್ಲು. ಊಹೂಂ!

"ಹಂಗೇ ಮಾಡ್ಲಾ ಮಗನೇ" ಅಂದ್ಲು. ಅಷ್ಟೇ ಅಂದ್ಲು.

ಮಗರಾಯ ಹಂಗೇ ಮಾಡ್ದ. ಹಿತ್ತಲ ಪೂರ್ತಿ ಹಂಗೇ ಮಾಡ್ದ. ಬೀದಿಯೋರು ನೋಡಕ್ಕೆ ಬಂದ್ರು. ಪಟೇಲರ ಹೆಂಡ್ತಿನೂ ಬಂದ್ಲು, ಚಪ್ಪಲಿ ಕಳಚಿ ಓಡಾಡಿ ನೋಡಿದ್ಲು, ಮುಖ ಸಣ್ಣಗೆ ಮಾಡ್ಕಂಡು ಹೋದ್ಲು! ನಿಂಗಾಜಮ್ಮನ ತಲೆ ಆಕಾಶಕ್ಕೆ ತಾಕ್ತಿತ್ತು. "ನನ್ನ ಮಗ ಹಾಸಿದ್ದು ಕಣ್ರೇ!" ಅಂತ ನೀರಿಗೆ ಹೋದ ಕಡೆಯೆಲ್ಲಾ ಹೇಳಿದ್ದೇ ಹೇಳಿದ್ದು.

ನಾಲ್ಕು ಕಂಬ ನೆಟ್ರು, ಬಿದಿರು ಕಟ್ಟಿದ್ರು, ಹೆಣೆದ ಗರಿ ಹೊದಿಸಿದ್ರು. ಮೂರು ಕಂಬದ ಗುಂಡಿಗೆ ಕಲ್ಲು ಮಣ್ಣು ತುಂಬಿ ಗುದ್ದಿದ್ದಾಯ್ತು. ನಾಲ್ಕನೇದಕ್ಕೆ ತುಂಬೋದ್ರೊಳಗೆ ಬೀದಿ ತುದೀಲಿ ಬೀಗರ ಗಾಡಿ ಗೆಜ್ಜೆ ಸದ್ದು ಕೇಳಿಸ್ತು!

"ಅಯ್ಯೋ, ಬಂದೇಬಿಟ್ರಲ್ಲ! ಲೋ, ಈ ಕಂಬ ಹಿಡ್ಕಂಡು ನಿಂತ್ಕೋ. ಯಾರು ಏನೇ ಅನ್ನಲಿ, ಕಂಬ ಮಾತ್ರ ಬಿಡಬೇಡ!"

"ಆಗ್ಲಿ ಕಣವ್ವಾ!"

ಹುಡುಗಿ ಅಪ್ಪ ಚನ್ನಿಗಪ್ಪ ಬಂದ. ನೆಂಟರಿಷ್ಟರು ಬಂದ್ರು. ಹುಡುಗಿ ಅಜ್ಜಿನೂ ಬಂದ್ಲು. ಅಜ್ಜಿಗೆ ಕಣ್ಣು ಮಂಜು, ಕೈ ಹಿಡ್ಕಂಡು ಬರಕ್ಕೆ ಮೊಮ್ಮಗಳೇ ಬೇಕು ಅಂತ ಹಟ ಮಾಡಿ ಹುಡುಗಿನೂ ಕರ್ಕಂಡು ಬಂದಿದ್ಲು. ಮನೆ ನೋಡಕ್ಕೆ ಹೆಣ್ಣು ಬರೋದುಂಟಾ? ಬೀದೀಲಿ ಗುಸುಗುಸು ಎದ್ದಿತ್ತು, ಏಳಲಿ ಬಿಡಿ!

ಎಲ್ಲಾ ಚಪ್ಪರದ ಕೆಳಗೆ ಕೂತ್ರು. ತಣ್ಣಗಿತ್ತು. ಚನ್ನಿಗಪ್ಪ ಜಲ್ಲಿ ಮೇಲೆ ಕೈಯಾಡಿಸಿದ. "ಏನಮ್ಮಾ ಇದು, ಹೊಲಿದಂಗೈತಲ್ಲ! ಯಾವ ಊರಿನ ಕೆಲಸದವನು ಹಾಸಿದ್ದು?"

ನಿಂಗಾಜಮ್ಮ ಈ ಮಾತಿಗೇ ಕಾಯ್ತಿದ್ಲು. "ಕೆಲಸದವನಾ? ನನ್ನ ಮಗ ಸ್ವಾಮಿ, ನನ್ನ ಮಗ! ಬಾರಪ್ಪಾ ಇಲ್ಲಿ, ಬೀಗರಿಗೆ ಕೈ ಮುಗಿ ಬಾ!"

ಮಗರಾಯ ಅವ್ವನ ಕಡೆ ನೋಡಿದ, ಕಂಬದ ಕಡೆ ನೋಡಿದ. ಬಿಡಬೇಡ ಅಂದವ್ಳೆ. ಬಾ ಅಂತಾನೂ ಅಂದವ್ಳೆ. ಒಂದು ಉಸಿರು ಎಳ್ಕಂಡ. ಹೂಂ ಅಂತ ಕಂಬ ಕಿತ್ತ. ತಬ್ಕಂಡು ಬಂದ. ತಬ್ಕಂಡೇ ಕೈ ಮುಗಿದ!

ಧೊಪ್!

ಬಿದಿರು ಜಾರಿತು, ಗರಿ ಕವುಚಿತು, ಬೀಗರು ಮಾಯ! ಗರಿ ತಾನೇ, ಯಾರಿಗೂ ಪೆಟ್ಟಾಗಲಿಲ್ಲ. ಒಬ್ಬೊಬ್ಬರೇ ಕೆಮ್ಮುತ್ತಾ ತಲೆ ಹೊರಗೆ ಹಾಕಿದ್ರು. ಚನ್ನಿಗಪ್ಪನ ಮೀಸೆ ತುಂಬ ಕಸ.

"ಏನಯ್ಯಾ ಇದು! ನಿನಗೆ ಬುದ್ಧಿ ನೆಟ್ಟಗೈತಾ?"

"ಬಿಡಬೇಡ ಅಂದ್ಲು, ಬಿಡಲಿಲ್ಲ. ಬಾ ಅಂದ್ಲು, ಬಂದೆ" ಅಂದ ಮಗರಾಯ.

"ಏಳ್ರೋ, ಹೋಗಾನ! ಪೆದ್ದನಿಗೆ ಹೆಣ್ಣು ಕೊಡಾಕಾಯ್ತದಾ?"

ನಿಂಗಾಜಮ್ಮ ಓಡಿ ಬಂದ್ಲು. ಆದ್ರೆ ಕಾಲಿಗೆ ಬೀಳಲಿಲ್ಲ ಕಣ್ರೇ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ್ಲು. "ಹೋಗೋದಾದ್ರೆ ಹೋಗಿ ಸ್ವಾಮಿ. ಪೆದ್ದ ಅನ್ಬೇಡಿ. ಬಿಡಬೇಡ ಅಂದೋಳೂ ನಾನೇ, ಬಾ ಅಂದೋಳೂ ನಾನೇ. ನನ್ನ ಮಗ ಎರಡು ಮಾತೂ ನಡೆಸಿದ. ಇಲ್ಲಿ ಇಷ್ಟು ಜನ ಗಂಡಸರಿದ್ದೀರಿ, ನಿಮ್ಮವ್ವನ ಒಂದೇ ಒಂದು ಮಾತು ಯಾರು ನಡೆಸಿದ್ದೀರಿ, ಹೇಳಿ ನೋಡಾನ!"

ಗಂಡಸರೆಲ್ಲಾ ತಲೆ ಮೇಲಿನ ಕಸ ಕೊಡವಕ್ಕೆ ಹತ್ತಿದ್ರು. ಗರಿ ಅಡಿಯಿಂದ ಮಾತ್ರ ಕಿಸಕ್ ಅಂತ ನಗು ಕೇಳಿಸ್ತು. ಹುಡುಗಿ!

"ಏನೇ ಹೆಣ್ಣೇ, ಏನಂತೀಯೇ?" ಅಂದ್ಲು ಅಜ್ಜಿ, ಗರಿ ಒಳಗಿಂದಲೇ.

ಹುಡುಗಿ ಎದ್ದು ತಲೆ ಕೊಡವಿದ್ಲು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗರಿ ಎತ್ತಿ ಬದಿಗೆ ಜೋಡಿಸಿದ್ಲು. "ಆ ಕಂಬ ತಂದು ಗುಂಡೀಲಿಡಿ" ಅಂದ್ಲು. ಇಟ್ಟ. "ನಾನು ಕಲ್ಲು ತುಂಬಿ ಗುದ್ದೋವರ್ಗೂ ಹಿಡ್ಕಂಡಿರಿ. ಆಮೇಲೆ ಬಿಡಿ" ಅಂದ್ಲು. ಹಿಡ್ಕಂಡಿದ್ದ, ಆಮೇಲೆ ಬಿಟ್ಟ. ಕಂಬ ಗಟ್ಟಿಯಾಗಿ ನಿಂತ್ಕತು.

"ನೋಡಪ್ಪಾ, ಸರಿಯಾಗಿ ಹೇಳಿದ್ರೆ ಸರಿಯಾಗೇ ಮಾಡ್ತಾರೆ" ಅಂತ ಅಪ್ಪನಿಗೆ ಹೇಳಿದ್ಲು. ಅವತ್ತೇ ವೀಳ್ಯ ಬದಲಾಯಿಸ್ಕಂಡ್ರು.

ಆ ಹುಡುಗಿ ಹೆಸರೇನು ಅಂತೀಯಾ ದೇವೀರಿ? ಇನ್ನೂ ತಿಳೀಲಿಲ್ವೇನೇ! ಮಗರಾಯನ ಹೆಸರು ನಾನ್ಯಾಕೆ ಹೇಳಲಿಲ್ಲ? ಕಟ್ಕಂಡ ಗಂಡನ ಹೆಸರು ಬಾಯಲ್ಲಿ ಹೇಳಾಕಾಯ್ತದಾ! ವರ್ಷಾವರ್ಷ ಗರಿ ಬದಲಾಯಿಸ್ತೀವಿ, ಕಂಬನೂ ಬದಲಾಯಿಸಿದ್ದೀವಿ. ನಿಮ್ಮ ಕುಂಡಿ ಕೆಳಗಿರೋ ಜಲ್ಲಿ ಮಾತ್ರ ಅವರು ಅವತ್ತು ಹಾಸಿದ್ದೇ. ಈ ಸುತ್ತಿನಲ್ಲಿ ಇಂಥಾ ನೆಲ ಯಾರ ಹಿತ್ತಲಲ್ಲಾದ್ರೂ ಇದ್ರೆ ತೋರಿಸಿ, ಇಂಥಾ ಗಂಡ ಇದ್ರೂ ತೋರಿಸಿ!

ಅಯ್ಯೋ, ಮಾತಾಡ್ತಾ ಮರ್ತೇಬಿಟ್ಟೆ, ಬೆಳಗಿಂದ ನಿಂತೇ ಅವ್ರಲ್ಲ, ಪಾಪ. ಏನೂಂದ್ರೆ, ಬನ್ನಿ ಇಲ್ಲಿ, ಒಂದು ಲೋಟ ಮಜ್ಜಿಗೆ ಕುಡೀರಿ... ಅಯ್ಯೋ ಬೇಡ! ಬೇಡಾ! ಕಂಬ ಅಲ್ಲೇ...

ಧೊಪ್!

ದೇವೀರಿ, ಎಲ್ಲಿದ್ದೀಯೇ? ಬದುಕಿದ್ದೀಯಾ? ನಗಬೇಡ ಕಣೇ, ಗರಿ ಎತ್ತು. ತಪ್ಪು ಅವರದಲ್ಲ, ಹೇಳಿದೋಳು ನಾನು. ಅಗೋ ನೋಡು, ಕಂಬ ತಬ್ಕಂಡು ನಿಂತವ್ರೆ, ಮಜ್ಜಿಗೆ ಎಲ್ಲಿ ಅಂತ ಕೇಳ್ತಾವ್ರೆ!